ಅಣ್ಣನ ಸಂಬಳ, ತಂಗಿಯ ಈಜು

ಟೆಸ್ ಹ್ರುಸ್ಕಾ ಕೊಳದಿಂದ ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕೋಚ್ ಅಡೇರ್ ಎಲ್ಲರನ್ನೂ ಕರೆದು ಬೆಂಚಿನ ಮೇಲೆ ಕೂರಿಸಿದರು. ಬೆಳಗಿನ ಏಳೂವರೆ. ಇಪ್ಪತ್ತು ವರ್ಷಗಳಿಂದ ಆ ಕೊಳದ ಅಂಚಿನಲ್ಲಿ ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದ ಹೆಂಗಸು ಆಕೆ. ಅಂದು ಮೆಲ್ಲಗೆ ಮಾತು ಶುರು ಮಾಡಿದ್ದೇ ಹುಡುಗಿಯರಿಗೆ ಏನೋ ಕೆಟ್ಟದ್ದು ಕಾದಿದೆ ಅನ್ನಿಸಿತು.

"ಸುತ್ತಿ ಬಳಸಿ ಹೇಳಲ್ಲ. ಈ ವರ್ಷದ ಕೊನೆಗೆ ನಮ್ಮ ತಂಡ ಮುಚ್ಚೋ ಯೋಚನೆ ಇದೆಯಂತೆ. ಮುಂದಿನ ವಾರ ಶುಕ್ರವಾರ ಟ್ರಸ್ಟಿಗಳು ತೀರ್ಮಾನ ಮಾಡ್ತಾರೆ."

"ಯಾಕೆ?" ಎಂದಳು ಯಾರೋ ಒಬ್ಬಳು.

"ಇನ್ಯಾಕೆ. ಫುಟ್‌ಬಾಲ್ ಹುಡುಗರಿಗೆ ಈಗ ಕಾಲೇಜೇ ಸಂಬಳ ಕೊಡ್ತಿದೆಯಲ್ಲ. ಅದನ್ನ ಎಲ್ಲಿಂದಾದ್ರೂ ಹೊಂದಿಸ್ಬೇಕು."

ಎಲ್ಲರ ಮುಖವೂ ಟೆಸ್ ಕಡೆ ತಿರುಗಿತು. ಅವಳಿಗಿಂತ ಹನ್ನೊಂದು ನಿಮಿಷಕ್ಕೆ ದೊಡ್ಡವನಾದ ಅವಳಿ ಅಣ್ಣ ವೇಡ್ ಅದೇ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಎಡಗಡೆಯ ಗೋಡೆ. ಅಮೆರಿಕದ ಈ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ; ಚೆಂಡು ಹಿಡಿದವನ ಮೈಮೇಲೆ ಎದುರಾಳಿಗಳು ಬೀಳದಂತೆ ತಾನೇ ಅಡ್ಡ ನಿಂತು ಹೊಡೆತ ತಿನ್ನುವುದು ಅವನ ಕೆಲಸ. ಮೊದಲ ಎರಡು ವರ್ಷ ಅವನಿಗೆ ಸಿಕ್ಕಿದ್ದು ಓದಿನ ಶುಲ್ಕ, ಕೋಣೆ, ಊಟ. ಕಳೆದ ಬೇಸಿಗೆಯಿಂದ ಅದರ ಜೊತೆಗೆ ತಿಂಗಳ ಸಂಬಳವೂ ಬರುತ್ತಿತ್ತು.

"ನಿಮ್ಮಣ್ಣನ್ನ ಕೇಳೇ," ಎಂದಳು ಪಕ್ಕದಲ್ಲಿದ್ದ ಕೊರಿನ್. "ನೀರು ಖಾಲಿ ಮಾಡಿದ್ಮೇಲೆ ಇಲ್ಲಿ ಅವನ ಕಾರು ನಿಲ್ಲಿಸ್ತಾನಾ ಅಂತ."

ಯಾರೂ ನಗಲಿಲ್ಲ. ಟೆಸ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಭಾನುವಾರ ಅಣ್ಣ ತಂಗಿ ಇಬ್ಬರೂ ಊರಿಗೆ ಬಂದರು. ಮುಚ್ಚಿಹೋದ ಉಕ್ಕಿನ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಅಲ್ಲಿ ಇರುವವರು ಅಮ್ಮ ಲೊರೇನ್ ಮತ್ತು ಅಮ್ಮನ ಅಪ್ಪ, ಇಬ್ಬರೇ. ಅಮ್ಮ ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸಿಗೆ ನೂಡಲ್ಸ್ ಬೆರೆಸಿ ದೊಡ್ಡ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು. ವೇಡ್ ಎರಡನೇ ಸಲ ಬಡಿಸಿಕೊಳ್ಳುವವರೆಗೂ ಟೆಸ್ ಬಾಯಿ ಬಿಡಲಿಲ್ಲ.

"ನಮ್ಮ ತಂಡ ಮುಚ್ತಾರಂತೆ. ನಿನಗೆ ಸಂಬಳ ಕೊಡೋಕೆ."

"ಗೊತ್ತಾಯ್ತು. ಅದಕ್ಕೆ ನಾನೇನು ಮಾಡ್ಲಿ?"

"ವಾರಕ್ಕೆ ಇಪ್ಪತ್ತು ಗಂಟೆ ನಾನೂ ನೀರಲ್ಲಿ ಬಿದ್ದಿರ್ತೀನಿ. ನನಗೆ ಯಾರು ಕೊಡ್ತಿದಾರೆ?"

"ಕೊಡಬಾರದು ಅಂದ್ನಾ ನಾನು? ಶನಿವಾರ ನಲವತ್ತು ಸಾವಿರ ಜನ ಟಿಕೆಟ್ ತಗೊಂಡು ಬರ್ತಾರೆ ಟೆಸ್. ನನ್ನ ನಂಬರಿನ ಅಂಗಿ ಅಂಗಡೀಲಿ ಮಾರ್ತಾರೆ. ಈ ಭುಜಕ್ಕೆ ಎರಡು ಸಲ ಆಪರೇಷನ್ ಆಗಿದೆ. ಬರೋ ದುಡ್ಡಲ್ಲಿ ಒಂದು ಪಾಲು ಕೇಳಿದ್ರೆ ನಾನು ಕಳ್ಳನಾ?"

"ಕಳ್ಳ ಅಂದವರ್ಯಾರು?"

"ನಿನ್ನ ಮುಖ ಹಾಗೇ ಹೇಳ್ತಿದೆ."

ತಾತ ಫೋರ್ಕು ಕೆಳಗಿಟ್ಟರು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಅವರೂ ಅದೇ ಫುಟ್‌ಬಾಲ್ ತಂಡಕ್ಕೆ ಆಡಿದವರು. "ನಮ್ಮ ಕಾಲದಲ್ಲಿ ಸಂಬಳ ಅಂದ್ರೇನೂಂತಲೇ ಗೊತ್ತಿರ್ಲಿಲ್ಲ. ಅಂಗಿ ಮೇಲಿನ ಕಾಲೇಜಿನ ಹೆಸರಿಗೋಸ್ಕರ ಆಡ್ತಿದ್ವಿ. ಪುಕ್ಕಟೆ ಓದಿಸ್ತಿದ್ರು, ಸಾಕಾಗಿತ್ತು."

"ಹೌದಪ್ಪಾ," ಎಂದಳು ಲೊರೇನ್. "ನಿನ್ನ ಮಂಡಿ ಮುರೀತು, ಮುಂದಿನ ವರ್ಷ ಓದಿಸೋದನ್ನೂ ನಿಲ್ಲಿಸಿದ್ರು. ಮೂವತ್ತೊಂದು ವರ್ಷ ನೀನು ಕುಲುಮೆ ಮುಂದೆ ಕುಂಟ್ಕೊಂಡು ದುಡಿದೆ. ಬಹಳ ಸಾಕಾಯ್ತು."

ತಾತ ಮತ್ತೆ ಫೋರ್ಕು ಎತ್ತಿ ನೂಡಲ್ಸ್ ಕಡೆ ಬಗ್ಗಿದರು. ವೇಡ್ ತಟ್ಟೆ ತೊಳೆದಿಟ್ಟು ಹೊರಟ. ಪ್ರತಿ ಸಲ ತಂಗಿಯನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದವನು ಅಂದು ಬಾ ಎನ್ನಲಿಲ್ಲ. ಅವಳು ಬಸ್ಸು ಹಿಡಿದಳು.

ಆಮೇಲಿನ ದಿನಗಳು ಕಷ್ಟದವು. ನೀರಿಗೆ ಇಳಿದರೆ ಕೈ ಓಡುತ್ತಿರಲಿಲ್ಲ, ಪುಸ್ತಕ ತೆರೆದರೆ ಕಣ್ಣು ಓಡುತ್ತಿರಲಿಲ್ಲ. ಬೇರೆ ಕಾಲೇಜಿಗೆ ಹೋಗುವುದೆಂದರೆ ನರ್ಸಿಂಗ್ ಓದು ಕೊನೆಯ ವರ್ಷದಲ್ಲಿ ಅರ್ಧಕ್ಕೇ ನಿಂತುಹೋಗುತ್ತದೆ. ಇಲ್ಲೇ ಉಳಿದರೆ ಈಜೇ ಇರುವುದಿಲ್ಲ. ಅಣ್ಣನ ಮೇಲಿನ ಸಿಟ್ಟು ಮಾತ್ರ ದಿನ ಕಳೆದಂತೆ ಇಳಿಯಿತು. ಭುಜದ ಎರಡನೇ ಶಸ್ತ್ರಚಿಕಿತ್ಸೆಯಾದಾಗ ಅವನ ಷೂ ದಾರ ಕಟ್ಟಿದವಳು ಅವಳೇ. ಆ ಭುಜಕ್ಕೆ ಬೆಲೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಭೆ. ಬಯಸಿದವರು ಹೆಸರು ಬರೆಸಿ ಮೂರು ನಿಮಿಷ ಮಾತಾಡಬಹುದಿತ್ತು. ಟೆಸ್ ಬರೆದುಕೊಂಡಿದ್ದ ಹಾಳೆ ಹಿಡಿದು ಎದ್ದು ನಿಂತಳು. ಅರ್ಧ ಓದಿ ಹಾಳೆ ಮಡಚಿದಳು.

"ಸಂಬಳ ಕೊಡಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಕೊಡಬೇಕಾದ್ದೇ. ಆದ್ರೆ ಅದನ್ನ ನಮ್ಮ ಕೊಳದಿಂದ ಯಾಕೆ ಕೊಡ್ತೀರಿ, ಅಷ್ಟು ಹೇಳಿ."

ಕೆಂಪು ಟೈ ಕಟ್ಟಿದ್ದ ಒಬ್ಬ ಟ್ರಸ್ಟಿ ಕನ್ನಡಕ ತೆಗೆದ. "ನೋಡಮ್ಮಾ, ಆಟಗಾರರಿಗೆ ಕೊಡ್ಲೇಬೇಕು, ಇಲ್ಲಾಂದ್ರೆ ಬೇರೆ ಕಡೆ ಹೋಗ್ತಾರೆ. ನಮ್ಮ ಕೈ ಕಟ್ಟಿದೆ. ನಿಮ್ಮ ಮನೇಲೇ ಒಬ್ಬ ಇದಾನಲ್ಲ, ಅವನನ್ನೇ ಕೇಳಬಹುದಿತ್ತು."

"ಕೇಳಿ. ಇಲ್ಲೇ ಇದೀನಿ," ಎಂಬ ದನಿ ಹಿಂದಿನಿಂದ ಬಂತು.

ವೇಡ್ ಬಾಗಿಲ ಬಳಿ ಬೆವರಿನ ಅಂಗಿಯಲ್ಲೇ ನಿಂತಿದ್ದ. ಭುಜಕ್ಕೆ ಮಂಜುಗಡ್ಡೆಯ ಚೀಲ ಕಟ್ಟಿತ್ತು. ಕುರ್ಚಿಗಳ ನಡುವೆ ಅಡ್ಡಡ್ಡ ನುಸುಳಿಕೊಂಡು ಮುಂದೆ ಬಂದ. ಅವನು ಬರುತ್ತಾನೆಂದು ಟೆಸ್‌ಗೆ ಗೊತ್ತಿರಲಿಲ್ಲ.

"ನಾನು ಸಂಬಳ ತಗೋತೀನಿ. ನಾಚಿಕೆ ಇಲ್ಲ, ವಾಪಸ್ಸೂ ಕೊಡಲ್ಲ. ದುಡಿದಿದೀನಿ," ಎಂದ. "ಆದ್ರೆ ಇವರ ತಂಡ ಮುಚ್ಚಿ ನನ್ನ ಹೆಸರು ಹೇಳಬೇಡಿ ಸಾರ್. ಹೋದ ವರ್ಷ ನಮಗೇಂತ ಒಂದು ವಿಶ್ರಾಂತಿ ಕೋಣೆ ಕಟ್ಟಿಸಿದ್ರಿ. ಒಳಗೆ ಜಲಪಾತ ಇದೆ. ಕ್ಷೌರದ ಕುರ್ಚಿ ಮೂರಿವೆ. ಯಾರು ಕೇಳಿದ್ರು ಅದನ್ನ? ನನಗೆ ನಮ್ಮಮ್ಮ ಕೂದಲು ಕತ್ತರಿಸ್ತಾಳೆ. ಈ ಬೇಸಿಗೇಲಿ ಅದರ ಮೇಲೆ ಇನ್ನೊಂದು ಮಹಡಿ ಏಳುತ್ತಂತಲ್ಲ. ನಮ್ಮ ತಂಡದ ಮೂವತ್ತನಾಲ್ಕು ಜನ ಸಹಿ ಹಾಕಿದೀವಿ, ಆ ಮಹಡಿ ನಮಗೆ ಬೇಡ."

ಮಡಚಿದ ಕಾಗದವನ್ನು ಮೇಜಿನ ಮೇಲಿಟ್ಟ. ತುದಿಯಲ್ಲಿ ಕೂತಿದ್ದ ವಯಸ್ಸಾದ ಟ್ರಸ್ಟಿ ಹೆಂಗಸು ಅದನ್ನು ಎಳೆದುಕೊಂಡು ಓದಿದಳು. "ಮಹಡಿಗೆ ಎಷ್ಟು ಬೀಳುತ್ತೆ?" ಎಂದು ಲೆಕ್ಕದವನನ್ನು ಕೇಳಿದಳು. ತೊಂಬತ್ತು ಲಕ್ಷ ಡಾಲರ್. "ಈಜು ತಂಡಕ್ಕೆ ವರ್ಷಕ್ಕೆ?" ಎಂಟು ಲಕ್ಷ. ಅವಳು ಕೆಂಪು ಟೈಯವನ ಮುಖ ನೋಡಿದಳು. ಆತ ಕನ್ನಡಕ ಮತ್ತೆ ಏರಿಸಿಕೊಂಡ. ಟ್ರಸ್ಟಿಗಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಣ್ಣ ತಂಗಿ ಹೊರಗಿನ ಬೆಂಚಿನ ಮೇಲೆ ಕೂತರು. ವೇಡ್‌ನ ಭಾರಕ್ಕೆ ಬೆಂಚು ಒಂದು ಕಡೆಗೆ ಬಾಗಿತು.

"ಯಾಕೆ ಹೇಳ್ಲಿಲ್ಲ ನನಗೆ?" ಎಂದಳು ಟೆಸ್.

"ನೀನು ಮಾತಾಡಿಸ್ತಿದ್ರೆ ತಾನೆ. ಸಹಿ ಹಾಕ್ಸೋಕೆ ನಾಲ್ಕು ದಿನ ಹಿಡೀತು ಕಣೇ. ನಮ್ಮವರು ಕೆಲವರಿಗೆ ಆ ಜಲಪಾತ ಅಂದ್ರೆ ಪ್ರಾಣ."

"ನಿನ್ನ ಮೇಲೆ ಸಿಟ್ಟು ಮಾಡ್ಕೋತಾರೇನೋ."

"ಮಾಡ್ಕೊಳ್ಳಲಿ. ನಾನಿಲ್ದೆ ಅವರ ಚೆಂಡಿನವನು ಒಂದು ಆಟ ಉಳಿಯಲ್ಲ."

ಅವಳಿಗೆ ನಗು ಬಂತು. ವಾರದ ಮೇಲೆ ಮೊದಲ ಸಲ.

ಒಂದೂವರೆ ಗಂಟೆಯ ಮೇಲೆ ಕೋಚ್ ಅಡೇರ್ ಹೊರಗೆ ಬಂದರು. ಗೋಡೆಗೆ ಒರಗಿ, ತಂಡ ಉಳಿಯಿತೆಂದು ತಲೆಯಾಡಿಸಿದರು. ಹೊರಗೆ ಕಾಯುತ್ತಿದ್ದ ಹುಡುಗಿಯರು ಅವರ ಮೇಲೆ ಮುಗಿಬಿದ್ದರು. ವಿವರ ಆಮೇಲೆ ತಿಳಿಯಿತು: ಮಹಡಿ ಮುಂದಕ್ಕೆ ಹೋಗಿದೆ, ತಂಡ ಮೂರು ವರ್ಷ ಉಳಿಯುತ್ತದೆ. ಹೊಸಬರಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಎರಡು ಕಡಿತ. ದೂರದ ಸ್ಪರ್ಧೆಗಳಿಗೆ ಇನ್ನು ವಿಮಾನವಿಲ್ಲ, ಬಸ್ಸು. ಮೂರು ವರ್ಷದ ಮೇಲೆ ಮತ್ತೆ ಇದೇ ಜಗಳ ಏಳಬಹುದು. ಆದರೆ ಟೆಸ್‌ಗೆ ಬೇಕಿದ್ದದ್ದು ಒಂದೇ ವರ್ಷ. ಹತ್ತು ದಿನದಿಂದ ಸರಿಯಾಗಿ ಉಂಡೇ ಇಲ್ಲವೆಂಬುದು ಆಗ ಅವಳ ನೆನಪಿಗೆ ಬಂತು.

ಕೊರಿನ್ ಬಂದು ವೇಡ್ ಎದುರು ನಿಂತಳು. "ನಿನ್ನ ಬಗ್ಗೆ ಒಂದು ಮಾತಂದಿದ್ದೆ," ಎಂದಳು.

"ನನ್ನ ಕಿವಿಗೂ ಬಿತ್ತು. ನನ್ನ ಹತ್ರ ಇರೋ ಕಾರಿಗೆ ಅಷ್ಟು ದೊಡ್ಡ ಕೊಳ ಬೇಕಾಗಿಲ್ಲ."

ಸಂಜೆ ಐದಕ್ಕೆ ಅಣ್ಣ ತಂಗಿ ವೇಡ್‌ನ ಹಳೆಯ ಕಾರಿನಲ್ಲಿ ಊರಿಗೆ ಹೊರಟರು. ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಶುಕ್ರವಾರ, ಮಾಂಸ ತಿನ್ನದ ದಿನ; ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿನ ಊಟ. ಅಮ್ಮ ಜಾಗ ಹಿಡಿದಿದ್ದಳು. ಸುದ್ದಿ ಕೇಳಿ ಇಬ್ಬರ ತಲೆಯನ್ನೂ ಒಟ್ಟಿಗೆ ಎದೆಗೆ ಒತ್ತಿಕೊಂಡಳು. ತಾತ ಮಾತ್ರ ಪಟ್ಟು ಬಿಡಲಿಲ್ಲ.

"ನಾನು ಈಗಲೂ ಹೇಳ್ತೀನಿ, ಆಟಕ್ಕೆ ಸಂಬಳ ಸರಿಯಲ್ಲ."

"ಸರಿ ತಾತಾ," ಎಂದ ವೇಡ್. "ಇವತ್ತಿನ ಊಟ ನನ್ನ ಸಂಬಳದ ಲೆಕ್ಕದಲ್ಲಿ. ನಿಮಗೆ ಬೇಡ ತಾನೆ?"

ತಾತ ತಟ್ಟೆ ಮುಂದೆ ತಳ್ಳಿ, ಎರಡು ತುಂಡು ಜಾಸ್ತಿ ಹಾಕಿಸು ಎಂದರು. ಟೆಸ್ ಆಗಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು.