ಓಣಿಯಲ್ಲಿ ಸಿಕ್ಕಿದ ದೋಣಿ

"ತಡಿ, ತಡಿ, ಇನ್ನು ತಳ್ಬೇಡ," ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ದೋಣಿಯ ಮೂತಿ ಟೈಲರಮ್ಮನ ಕಿಟಕಿಯ ಕಂಬಿಗೆ ತಾಗಿ ನಿಂತಿತ್ತು. ಹಿಂದೆ ಹೆಗಲು ಕೊಟ್ಟವರಿಗೆ ಅದು ಗೊತ್ತಾಗಲಿಲ್ಲ. ದಮ್ಮು ಕಟ್ಟಿ ಇನ್ನೊಮ್ಮೆ ನೂಕಿದರು. ಹಿಂಬದಿ ಎದುರು ಮನೆಯ ಗೋಡೆಗೆ ಒರಗಿ, ಗಾರೆ ಉದುರಿ, ಹೊಸ ದೋಣಿ ಓಣಿಯ ತಿರುವಿನಲ್ಲಿ ಅಡ್ಡಡ್ಡ ಕಚ್ಚಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಟೈಲರಮ್ಮನ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅಂಗೈ ಅಗಲ ಸರಿದು ದೋಣಿಯ ಹೊಟ್ಟೆಗೆ ಬಡಿಯಿತು.

"ಮೇಸ್ತ್ರಿ, ನನ್ನ ಮನೆ ಏನು ಸಮುದ್ರಾನಾ, ದೋಣಿ ಬಿಡೋಕೆ?" ಎಂದಳು ಆ ಸಂದಿಯಿಂದಲೇ.

"ಸ್ವಲ್ಪ ತಾಳಮ್ಮ. ಈಗ ತೆಗೀತೀವಿ."

"ನಿಧಾನಕ್ಕೆ ತೆಗೀರಿ. ಗಂಡ ಸತ್ತ ಮೇಲೆ ನನ್ನ ಬಾಗಿಲಿಗೆ ಯಾರೂ ಹೀಗೆ ಅಡ್ಡ ಬಿದ್ದಿರಲಿಲ್ಲ."

ದೋಣಿ ಓಣಿಯಲ್ಲಿ ಹೋಗುವ ವಸ್ತುವಲ್ಲ. ಮೇಸ್ತ್ರಿಯ ಅಪ್ಪ, ಅಜ್ಜ ಎಲ್ಲರೂ ದೋಣಿ ಕಟ್ಟಿದ್ದು ಇದೇ ಅಂಗಳದಲ್ಲಿ, ಮೂತಿಯನ್ನು ಕಡಲಿನ ಕಡೆ ಮಾಡಿ. ಕೆಲಸ ಮುಗಿದ ದಿನ ಉರುಳುಮರಗಳ ಮೇಲಿಟ್ಟು ನೂಕಿದರೆ ಮರಳಿನ ಇಳಿಜಾರಿನಲ್ಲಿ ತಾನಾಗಿ ನೀರಿಗಿಳಿಯುತ್ತಿತ್ತು. ಈಗ ಅಂಗಳದ ತುದಿಯಲ್ಲಿ ಬಂಡೆಗಲ್ಲಿನ ಗೋಡೆ ಇದೆ, ಮನೆಯ ಸೂರಿಗಿಂತ ಎತ್ತರ. ಅಲೆಯ ಸದ್ದು ಮಾತ್ರ ಅದನ್ನು ದಾಟಿ ಬರುತ್ತದೆ, ಪಕ್ಕದ ಮನೆಯ ಜಗಳದ ಹಾಗೆ.

ಗೋಡೆ ಬೇಕೆಂದು ಕೇಳಿದವರು ಕೇರಿಯವರೇ. ಆಚೆ ಹೊಸ ಬಂದರು ಬಂದು, ಕಡಲೊಳಕ್ಕೆ ಕಲ್ಲಿನ ತೋಳು ಚಾಚಿದ ಮೇಲೆ ಇಲ್ಲಿಯ ಮರಳು ಕರಗತೊಡಗಿತು. ಮುಂದಿನ ಸಾಲಿನ ಮನೆಗಳು ಒಂದೊಂದಾಗಿ ನೀರಿಗೆ ಬಿದ್ದವು. ಜನ ರಸ್ತೆಯಲ್ಲಿ ಕೂತರು, ಗೋಡೆ ಬಂತು. ದೋಣಿಗಳಿಗೆಂದು ನಡುವೆ ಒಂದು ಕಂಡಿ ಬಿಟ್ಟಿದ್ದರು, ಸರಿಯಾಗಿ ಮೇಸ್ತ್ರಿಯ ಅಂಗಳದ ಎದುರು. ಒಂದು ಬಿರುಗಾಳಿಯಲ್ಲಿ ಅಲೆ ಆ ಕಂಡಿಯಿಂದಲೇ ನುಗ್ಗಿ ಅವನ ಹೆಂಡತಿಯ ಪಾತ್ರೆಪಡಗವನ್ನೆಲ್ಲ ಹೊತ್ತುಕೊಂಡು ಹೋಯಿತು. ಸಭೆಯಲ್ಲಿ ಎದ್ದು ನಿಂತು "ಮುಚ್ಚಿಬಿಡಿ" ಎಂದವನು ಅವನೇ. ಇದನ್ನು ಮುಚ್ಚಿ ಪಕ್ಕದಲ್ಲಿ ಇನ್ನೊಂದು ತೆಗೆಯುತ್ತೇವೆ ಎಂದರು. ಆ ಮಾತು ನಂಬಿ ಅವನು ಭಾವಮೈದುನನ ದೋಣಿಗೆ ಅಡಿಮರ ಇಟ್ಟ. ಮುಚ್ಚುವುದು ಮಾತ್ರ ಆಯಿತು. ಕೈಗೆ ಹತ್ತಿದ ಅಭ್ಯಾಸ ನೋಡಿ, ಗೋಡೆ ಎದುರಿಗೇ ನಿಂತಿದ್ದರೂ ಮೂತಿಯನ್ನು ಕಡಲ ಕಡೆಗೇ ಇಟ್ಟಿದ್ದ. ಇವತ್ತು ಓಣಿ ದಾಟಿಸಿ ರಸ್ತೆಗೆ ಒಯ್ಯಲೆಂದು ಅಂಗಳದಲ್ಲಿ ಅದನ್ನು ಹಿಂದುಮುಂದು ತಿರುಗಿಸುವುದಕ್ಕೇ ಬೆಳಗ್ಗೆಯೆಲ್ಲ ಹೋಗಿತ್ತು. ಕೇರಿಯವರು ಅವನನ್ನು ಕಂಡಿ ಮೇಸ್ತ್ರಿ ಎನ್ನುತ್ತಾರೆ, ಮುಖದೆದುರಿಗೇ.

ಗೋಡೆ ಕಟ್ಟಿದಂದಿನಿಂದ ಚರಂಡಿಯ ನೀರು ಕೂಡ ಕೇರಿ ಬಿಟ್ಟು ಹೋಗುತ್ತಿರಲಿಲ್ಲ. ಪಾದ ಮುಳುಗುವ ಕೊಳಕಿನಲ್ಲಿ ನಿಂತು ಭಾವಮೈದುನ ದೋಣಿಯನ್ನು ನೋಡಿದ.

"ಭಾವ, ಮೂತಿ ಸ್ವಲ್ಪ ಕೊಯ್ದರೆ?"

"ಮೊದಲು ನಿನ್ನ ಮೂಗು ಕೊಯ್ದು ನೋಡೋಣ."

"ಮತ್ತೇನ್ಮಾಡ್ಲಿ? ಮೀನಿನ ಕಾಲ ಬಂದೇಬಿಡ್ತು. ಇದನ್ನ ನಂಬ್ಕೊಂಡು ಹಳೇ ದೋಣಿ ಮಾರಿ ಕೂತಿದೀನಿ. ದಡದಲ್ಲಿ ಕೂತು ಅಲೆ ಎಣಿಸ್ಲಾ?"

"ಕೂರೋಕೆ ದಡ ಎಲ್ಲಿದೆ?" ಎಂದಳು ಟೈಲರಮ್ಮ ಒಳಗಿಂದ.

ಮೇಸ್ತ್ರಿ ದೋಣಿಯ ಪಕ್ಕೆಗೆ ಅಂಗೈ ಒತ್ತಿ ನಿಂತ. ಹಲಗೆ ಹಲಗೆಯನ್ನೂ ಕಾಯಿಸಿ ಬಗ್ಗಿಸಿ ಈ ಹೊಟ್ಟೆಯನ್ನು ಇಷ್ಟು ಅಗಲ ಮಾಡಿದವನು ತಾನೇ. ನುಂಗಲೂ ಆಗದ ಉಗುಳಲೂ ಆಗದ ತುತ್ತಿನ ಹಾಗೆ ಓಣಿ ಅದನ್ನು ಗಂಟಲಲ್ಲಿ ಇಟ್ಟುಕೊಂಡಿತ್ತು.

ಅಷ್ಟರಲ್ಲಿ ಕೌನ್ಸಿಲರ್ ಬಂದ. ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತ. ಮೇಸ್ತ್ರಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಏನೋ ಕಂಡಿ, ದೋಣಿಗೆ ಊರು ತೋರಿಸ್ತಿದೀಯಾ?"

ಯಾರೂ ನಗಲಿಲ್ಲ. ಕೌನ್ಸಿಲರ್ ದನಿ ಇಳಿಸಿದ.

"ನೋಡು, ಬಂದರಿನವರ ಹತ್ರ ದೊಡ್ಡ ಕ್ರೇನ್ ಇದೆ. ಮಾತಾಡಿದೀನಿ. ಸಂಜೆ ಒಳಗೆ ಬಂದು, ಬೆಣ್ಣೇಲಿ ಕೂದಲು ತೆಗೆದ ಹಾಗೆ ಇದನ್ನ ಎತ್ತಿ ಲಾರಿಗೆ ಹಾಕಿ, ಅಲ್ಲೇ ಬಂದರಿನಲ್ಲಿ ನೀರಿಗೆ ಬಿಡ್ತಾರೆ. ಬಿಟ್ಟಿ."

"ಬಿಟ್ಟಿ ಯಾಕೆ?" ಎಂದ ಮೇಸ್ತ್ರಿ.

"ನಾಳೆ ಸರ್ಕಾರದ ಸಾಹೇಬರು ಬರ್ತಾರಲ್ಲ, ಕಂಡಿ ತೆಗೀಬೇಕಾ ಬೇಡ್ವಾ ಅಂತ ನೋಡೋಕೆ. ನಿನ್ನನ್ನೇ ಕೇಳ್ತಾರೆ. ಈ ಕೇರೀಲಿ ದೋಣಿ ಕಟ್ಟೋನು ನೀನೊಬ್ಬನೇ. ಇಲ್ಲಿ ಇನ್ನು ದೋಣಿ ಕಟ್ಟೋದಿಲ್ಲ, ಕಂಡಿ ಬೇಡ ಅಂದುಬಿಡು. ಸುಳ್ಳೇನಲ್ವಲ್ಲ. ಇದು ಹೋದ್ಮೇಲೆ ಇಲ್ಲೆಲ್ಲಿದೆ ದೋಣಿ?"

"ಆಮೇಲೆ?"

"ಗೋಡೆ ಮೇಲೆ ರಸ್ತೆ ಬರುತ್ತೆ, ಬಂದರಿಗೆ ನೇರ. ಲಾರಿ ಓಡೋ ರಸ್ತೆಗೆ ನಡುವೆ ತೂತು ಇಟ್ಕೊಳ್ಳೋಕಾಗುತ್ತಾ? ನಿನಗೂ ಅಲ್ಲೇ ಬಡಗಿ ಕೆಲಸಕ್ಕೆ ಹೇಳಿದೀನಿ. ಬಾಗಿಲು, ಕಿಟಕಿ, ಟೇಬಲ್ಲು. ನೆರಳಲ್ಲಿ ಕೂತು ಮಾಡೋದು."

ಭಾವಮೈದುನ ಮೇಸ್ತ್ರಿಯ ತೋಳು ಹಿಡಿದ. "ಒಪ್ಕೋ ಭಾವ. ಕೈ ಮುಗೀತೀನಿ."

ಹೂಂ ಅನ್ನುವುದು ಎಷ್ಟು ಸುಲಭ. ನಾಲಿಗೆಯ ತುದಿಗೇ ಬಂದಿತ್ತು. ಓಣಿಯ ಆ ತುದಿಯಲ್ಲಿ ಹೆಂಡತಿ ನಿಂತಿದ್ದಳು, ತಮ್ಮನನ್ನೊಮ್ಮೆ ಗಂಡನನ್ನೊಮ್ಮೆ ನೋಡುತ್ತ. ಒಂದು ಸಲ ಎದ್ದು ನಿಂತು ಬೇಡ ಎಂದದ್ದಕ್ಕೆ ಆ ಕಂಡಿ ಮುಚ್ಚಿತ್ತು. ಇನ್ನೊಂದು ಸಲ ಬೇಡ ಎಂದರೆ ಅದು ಮತ್ತೆಂದೂ ತೆರೆಯುವುದಿಲ್ಲ. ದೋಣಿ ಒಂದು ಹೊರಗೆ ಹೋಗುತ್ತದೆ, ಮಿಕ್ಕವರು ಒಳಗೆ.

ಕೌನ್ಸಿಲರ್ ಮತ್ತೆ ಮತ್ತೆ ರಸ್ತೆಯ ಕಡೆ ತಿರುಗಿ ನೋಡುತ್ತಿದ್ದ. ಈ ಅವಸರ ಯಾಕೆ ಎಂದು ಮೇಸ್ತ್ರಿಗೆ ಆಗ ಹೊಳೆಯಿತು. ಗೋಡೆಯ ಹತ್ತಿರ ಹೋಗಲು ಇರುವುದು ಈ ಓಣಿಯೊಂದೇ. ಸಾಹೇಬರು ನಾಳೆ ಇಲ್ಲೇ ನಡೆದು ಬರಬೇಕು. ದೋಣಿ ಇಲ್ಲಿದ್ದರೆ, ಇದು ಯಾಕೆ ಇಲ್ಲಿ ಸಿಕ್ಕಿಕೊಂಡಿದೆ ಎಂದು ಅವರು ಕೇಳಲೇಬೇಕು.

"ನನ್ನ ಬಾಗಿಲಿನ ಕಥೆ ಏನು?" ಟೈಲರಮ್ಮ ಸಂದಿಯಿಂದ ಬೆರಳು ಹೊರಗೆ ಹಾಕಿದಳು.

"ಸಂಜೆ ಒಳಗೆ ಬಿಡಿಸ್ತೀವಮ್ಮ. ಇವನು ಹೂಂ ಅನ್ಲಿ."

ಮೇಸ್ತ್ರಿ ಆ ಸಂದಿಯ ಕಡೆ ನೋಡಿದ.

"ನನ್ನ ಮುಖ ನೋಡ್ಬೇಡ," ಎಂದಳು ಅವಳು. "ನನ್ನ ತಲೆಗೆ ಕಟ್ಬೇಡ."

ಮೇಸ್ತ್ರಿ ತೋಳು ಬಿಡಿಸಿಕೊಂಡ. ಬಗ್ಗಿ, ನೀರಿನಲ್ಲಿ ಕೈಯಾಡಿಸಿ ಮರದ ಬೆಣೆಯೊಂದನ್ನು ಎತ್ತಿದ. ಉರುಳುಮರದ ಕೆಳಗೆ ಅದನ್ನಿಟ್ಟು ಸುತ್ತಿಗೆಯಿಂದ ಹೊಡೆದ. ಕೊಳಕು ನೀರು ಕೌನ್ಸಿಲರನ ಪ್ಯಾಂಟಿಗೆ ಚಿಮ್ಮಿತು. ದೋಣಿ ಇನ್ನು ಅಲುಗದ ಹಾಗೆ ಬೆಣೆ ಬಿಗಿಯಾಯಿತು. ಭಾವಮೈದುನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬೇಡ," ಎಂದ ಮೇಸ್ತ್ರಿ.

"ಏನು ಬೇಡ? ಕ್ರೇನಾ, ಕೆಲಸಾನಾ?"

"ಎರಡೂ ಬೇಡ."