ಪದ ಹಾಡದ ಸಣ್ಣಿ

ಹೊನ್ನಾವರದ ಹೊಳೆದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹೊನ್ನ ಮೇಸ್ತ್ರಿಯಾಗಿದ್ದ. ಹೆಣ್ಣಾಳುಗಳಲ್ಲಿ ಯಾರು ಗಟ್ಟಿ, ಯಾರು ಜೊಳ್ಳು ಎಂಬುದಕ್ಕೆ ಅವನ ಮಾತೇ ಕೊನೆ. ಮಳೆಗಾಲ ಹತ್ತಿರ ಬಂದಿತ್ತು. ಮಳೆಯಲ್ಲಿ ಹಂಚು ಒಣಗುವುದಿಲ್ಲ, ಅಷ್ಟು ಆಳು ಬೇಡ, ಒಬ್ಬಳನ್ನು ಬಿಡಿಸಬೇಕು, ಯಾರನ್ನು ಎಂದು ನೀನೇ ಹೇಳು ಎಂದರು ಧಣಿ. ಹೊನ್ನ ಹಿಂದುಮುಂದು ಯೋಚಿಸದೆ ಸಣ್ಣಿಯ ಹೆಸರು ಹೇಳಿದ.

ಸಣ್ಣಿ ಹಸಿ ಹಂಚು ಹೊರುವವಳು. ಗಂಡನಿಲ್ಲ. ಮನೆಯಲ್ಲಿ ಮುದಿ ಅತ್ತೆ, ಒಂದು ಕೂಸು. ಇವಳ ಕೂಲಿ ನಿಂತರೆ ಒಲೆಯೂ ನಿಂತಂತೆ. ಹಾಗಾದರೆ ಅವಳ ತಪ್ಪೇನು? ಹೇಳುತ್ತೇನೆ, ನಗಬೇಡಿ. ಅವಳು ಹಾಡುವುದಿಲ್ಲ.

ಹೊನ್ನ ಗದ್ದೆಯಲ್ಲಿ ಸಸಿ ನೆಡುವ ನಟ್ಟಿಯ ನಡುವೆ ಬೆಳೆದವನು. ಅಲ್ಲಿ ಸಾಲಿನ ಮುಂದೆ ನಿಂತು ಪದ ಎತ್ತಿಕೊಡುವವಳು ಗಟ್ಟಿ ಆಳು, ಸೊಲ್ಲಿಗೆ ಸೊಲ್ಲು ಸೇರಿಸದವಳು ಮೈಗಳ್ಳಿ. ಅವನ ಅವ್ವ ಹಾಗೇ ಆಳನ್ನು ಅಳೆಯುತ್ತಿದ್ದಳು, ಇವನೂ ಕಾರ್ಖಾನೆಗೆ ಅದೇ ಅಳತೆ ತಂದ. ಲಕ್ಕಿ ಎಂಬವಳು ಬಾಯಿ ತೆರೆದರೆ ಹೊಳೆಯಾಚೆ ಕೇಳುತ್ತಿತ್ತು. ಅದಕ್ಕೇ ಅವಳಿಗೆ ಎಲ್ಲಕ್ಕಿಂತ ಮರ್ಯಾದೆಯ ಕೆಲಸ. ಸುಟ್ಟ ಹಂಚನ್ನು ಬಡಿದು, ದನಿ ಕೇಳಿ, ಬಿರುಕು ಬಿಟ್ಟದ್ದನ್ನು ಬೇರೆ ಇಡುವುದು.

ಆಗ ಬಂದರು ಮಹಾಗಣಪತಿ ಹೆಗಡೆ. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿದವರು, ಆಳುಗಳ ಯೋಗಕ್ಷೇಮ ನೋಡಲು ಹೊಸದಾಗಿ ಸೇರಿದವರು. ಮನಶ್ಶಾಸ್ತ್ರವೆಂದರೆ ಹುಚ್ಚು ಬಿಡಿಸುವ ವಿದ್ಯೆ ಎಂದುಕೊಂಡ ಹೊನ್ನ, ನಮ್ಮಲ್ಲಿ ಯಾರಿಗೂ ತಲೆ ಕೆಟ್ಟಿಲ್ಲ ಎಂದು ಮೊದಲೇ ಹೇಳಿಬಿಟ್ಟ.

ಹೆಗಡೆಯವರು ಕೇಳಿದ್ದೇ ಬೇರೆ. ಹಂಚು ಬಡಿಯುವ ಕೆಲಸಕ್ಕೆ ಬೇಕಾದದ್ದು ಕಣ್ಣೋ, ಕಿವಿಯೋ, ಸೊಂಟದ ಬಲವೋ?

"ಆಳು ಹೇಂಗೆ ಅನ್ನೂದು ಆಮೇಲೆ. ಮೊದ್ಲು ಆ ಕೆಲಸಕ್ಕೆ ಎಂತ ಬೇಕು, ಅದು ಹೇಳು."

ಹೊನ್ನ ತಲೆ ಕೆರೆದುಕೊಂಡ. ಕೆಲಸಕ್ಕೆ ಆಳು ಬೇಕು, ಮತ್ತೇನು ಬೇಕು? ಅವರು ಸಣ್ಣಿಯ ಮಾತಿಗೆ ಬಂದರು. ಹೊತ್ತಿಗೆ ಸರಿಯಾಗಿ ಬರುತ್ತಾಳೋ? ಬರುತ್ತಾಳೆ, ಆದರೂ ಮೈಗಳ್ಳಿ. ಹಂಚು ಒಡೆಯುತ್ತಾಳೋ? ಇಲ್ಲ, ಆದರೂ ಮೈಗಳ್ಳಿ. ಆ 'ಆದರೂ' ಎಲ್ಲಿಂದ ಬಂತು ಎಂದು ಕೇಳಿದರೆ ಹೊನ್ನನಿಗೇ ಗೊತ್ತಿಲ್ಲ. ತಲೆ ಗೊಜ್ಜಾಯಿತು.

ಮನೆಗೆ ಬಂದು ಹೆಂಡತಿ ಸುಬ್ಬಿಯ ಮುಂದೆ ಗೊಣಗಿದ. ಸುಬ್ಬಿ ಮೀನು ಹೆಚ್ಚುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಹುಂಜ ಚಂದ ಕೂಗ್ತದೆ ಅಂತ ಮೊಟ್ಟೆನೂ ಇಡ್ತದ್ಯಾ?"

ಹೊನ್ನನ ಗೊಂದಲ ಇನ್ನೂ ಹೆಚ್ಚಿತು. ಆ ರಾತ್ರಿ ಊಟವೂ ಸರಿಯಾಗಿ ಸೇರಲಿಲ್ಲ.

ಮರುದಿನ ಹೆಗಡೆಯವರು, ಕೊಂಡವರಿಂದ ವಾಪಸು ಬಂದಿದ್ದ ಬಿರುಕು ಹಂಚುಗಳ ಅಡಿಗೆ ಸುಣ್ಣದ ಬೊಟ್ಟಿಟ್ಟು ಒಳ್ಳೆಯ ಹಂಚಿನ ಜೊತೆ ಬೆರೆಸಿದರು. ಬೊಟ್ಟು ನೋಡದೆ, ಬಡಿದು ಬೇರೆ ಮಾಡಬೇಕು. ಲಕ್ಕಿ ಪದ ಹಾಡುತ್ತಾ ಬಡಿದಳು. ಬೊಟ್ಟಿನವೆಷ್ಟೋ ಒಳ್ಳೆಯ ರಾಶಿಗೆ ಹೋದವು. ಹಾಡದೆ ಬಡಿ ಎಂದರು. ಪದ ಇಲ್ಲದೆ ಕೈ ಏಳುವುದಿಲ್ಲ ಎಂದು ಕುಳಿತುಬಿಟ್ಟಳು. ಸಣ್ಣಿ ಬಂದಳು, ತಲೆ ವಾಲಿಸಿ ಬಡಿದಳು. ಅವಳ ಒಳ್ಳೆಯ ರಾಶಿಯನ್ನು ಮಗುಚಿದರೆ ಒಂದು ಬೊಟ್ಟೂ ಕಾಣಲಿಲ್ಲ.

"ಹಾಂಗಾರೆ ನಮ್ಮ ಲಕ್ಕಿ ದಡ್ಡಿಯಾ ಹೆಗ್ಡೇರೆ?"

"ಅಲ್ಲ ಹೊನ್ನ. ಇಲ್ಲಿ ಬೇಕಾದ್ದು ಕಿವಿ, ಹಾಡ್ತಾ ಇದ್ರೆ ಬಿರುಕಿನ ದನಿ ಕೇಳೂದಿಲ್ಲ. ಹೊರೂ ಸಾಲಿಗೆ ಬೇಕಾದ್ದು ಹುರುಪು, ಅಲ್ಲಿ ಲಕ್ಕೀನೇ ಸೈ. ಒಂದು ಗುಣ ನೋಡಿ ಇಡೀ ಆಳನ್ನ ಅಳೀಬೇಡ."

ಇಬ್ಬರ ಜಾಗ ಅದಲು ಬದಲಾಯಿತು. ಲಕ್ಕಿಯ ಪದಕ್ಕೆ ಹೊರುವ ಸಾಲು ಓಡಿತು. ಬಿರುಕು ಹಂಚು ವಾಪಸು ಬರುವುದು ನಿಂತಿತು. ಆ ನಷ್ಟ ತಪ್ಪಿದ್ದರಲ್ಲೇ ಒಬ್ಬಳ ಕೂಲಿ ಹುಟ್ಟಿತು, ಧಣಿ ಸಣ್ಣಿಯನ್ನಾಗಲಿ ಬೇರೆಯವರನ್ನಾಗಲಿ ಬಿಡಿಸುವ ಮಾತೇ ಎತ್ತಲಿಲ್ಲ.

ಹೊನ್ನನ ತಲೆಯಲ್ಲಿ ಮಾತ್ರ ಒಂದು ಗಂಟು ಉಳಿದಿತ್ತು. ಒಂದು ದಿನ ಸಣ್ಣಿಯ ಹತ್ತಿರ ಹೋಗಿ, ನೀನು ಯಾಕೆ ಹಾಡುವುದಿಲ್ಲ ಎಂದು ಕೇಳಿಯೇಬಿಟ್ಟ. ಸಣ್ಣಿ ಕೈಯಲ್ಲಿದ್ದ ಹಂಚನ್ನು ಕೆಳಗಿಟ್ಟಳು.

"ಮೊದ್ಲು ನಾನೇ ಪದ ಎತ್ತಿಕೊಡ್ತಿದ್ದೆ ಹೊನ್ನಣ್ಣ. ನಮ್ಮನೆಯವ್ರು ಹೊಳೆ ಪಾಲಾದ ಮೇಲೆ ಬಾಯಿಗೆ ಬರೂದಿಲ್ಲ. ಯಾಕೆ ಅಂತ ನೀನೇ ಮೊದ್ಲು ಕೇಳ್ದೋನು."

ಇಂಥವಳ ಅನ್ನ ಕಸಿಯಲು ಹೊರಟಿದ್ದೆನಲ್ಲ ಎಂದು ಹೊನ್ನನಿಗೆ ನಾಚಿಕೆಯಾಯಿತು. ಸಂಜೆ ಸುಬ್ಬಿಯ ಮುಂದೆ ಎಲ್ಲ ಹೇಳಿದ. ಇನ್ನು ಕೆಲಸ ಯಾವುದು ಎಂದು ನೋಡದೆ, ಆಳನ್ನು ಕೇಳದೆ ಯಾರ ಹೆಸರನ್ನೂ ಹೇಳುವುದಿಲ್ಲ ಎಂದ. ಸುಬ್ಬಿ, "ಆತು, ಈಗ ಉಣ್ಣು" ಎಂದಳು.

ಮೇಸ್ತ್ರಿಗಳೇ, ಧಣಿಗಳೇ, ಗದ್ದೆಗೆ ಆಳು ಕರೆಯುವ ಅಕ್ಕ ತಂಗಿಯರೇ, ಆಳನ್ನು ಅಳೆಯುವ ಮೊದಲು ಕೆಲಸವನ್ನು ಅರಿಯಿರಿ. ನಿಮಗೆ ಹಿಡಿಸಿದ್ದೋ ಹಿಡಿಸದ್ದೋ ಒಂದು ಗುಣವನ್ನು ಕಂಡು ಉಳಿದದ್ದನ್ನು ಊಹಿಸಬೇಡಿ. ಕೆಲಸ ಕೊಟ್ಟು ನೋಡಿ. ಈಗಲೂ ನಿಮ್ಮ ಬಾಯ ತುದಿಯಲ್ಲಿ ಒಂದು ಹೆಸರು ಇದ್ದೀತು. ಅದನ್ನು ಹೇಳುವ ಮೊದಲು ಅವಳ ಹತ್ತಿರ ಹೋಗಿ ಒಂದು ಮಾತು ಕೇಳಿ.