ಮೊಳೆಯಬಾರದ ಬಟಾಣಿ

ಬಂಡೂರಾವ ಆಳಂದಕರ ಕಾಗದ ಓದುವ ಮನುಷ್ಯ. ಕಲಬುರಗಿಯ ನೆಹರು ಗಂಜಿನ ಒಂದು ಬೇಳೆ ಅಡತಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದರು. ರೈಲ್ವೆ ರಸೀದಿಯ ಬೆನ್ನಿಗೆ ಇರುವೆಸಾಲಿನಂತೆ ಅಚ್ಚಾಗಿರುವ ಷರತ್ತುಗಳನ್ನು ಮೊದಲಿಂದ ಕೊನೆತನಕ ಓದಿದ ಆಸಾಮಿ ಗಂಜಿನಲ್ಲಿ ಅವರೊಬ್ಬರೇ ಎಂದು ಹಮಾಲರು ಕೂಡ ಹೇಳುತ್ತಿದ್ದರು. ಅಡತಿ ಮುಚ್ಚಿದ ಮೇಲೆ ಅವರನ್ನು ಕರೆದು ಕೂಡಿಸಿಕೊಂಡವರು ಕಮಲಾಪುರದ ಜಗದೇವಪ್ಪ ಸಾವ್ಕಾರರು.

ಜಗದೇವಪ್ಪನವರದು ಕಮಲಾಪುರ ರಸ್ತೆಯಲ್ಲಿ ಒಂದು ಕೋಲ್ಡ್ ಸ್ಟೋರೇಜು. ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಲ್ಲ ಇಡುವ ಮೂರು ದೊಡ್ಡ ಕೋಣೆಗಳು. ಅವುಗಳ ಹಿಂದೆ ನಾಲ್ಕನೆಯದೊಂದು ಸಣ್ಣ ಕೋಣೆ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಥಂಡಿಯದು. ಹೈದರಾಬಾದಿನ ಐಸ್‌ಕ್ರೀಮಿನವರನ್ನು ನಂಬಿ ಕಟ್ಟಿಸಿದ್ದು. ಅವರು ಎರಡು ಬೇಸಿಗೆ ಇದ್ದು ಮೂರನೆಯದಕ್ಕೆ ಗಂಟುಮೂಟೆ ಕಟ್ಟಿದರು. ಖಾಲಿ ಕೋಣೆಯ ಬಾಗಿಲ ಮುಂದೆ ಹಾಯುವಾಗೆಲ್ಲ ಜಗದೇವಪ್ಪನವರು ಮುಖ ಆಚೆ ತಿರುಗಿಸುತ್ತಿದ್ದರು.

ತೊಂಬತ್ತೆಂಟನೆಯ ಇಸವಿಯ ಜನವರಿಯಲ್ಲಿ ಪಟನಾದ ಹುಣಸೆಹಣ್ಣಿನ ವ್ಯಾಪಾರಿಯೊಬ್ಬ ಒಂದು ಮಾತು ಬರೆದಿದ್ದ. ಗಡಿಯಾಚೆ ನೇಪಾಳದ ಬೀರಗಂಜಿನಲ್ಲಿ ಹಸಿ ಬಟಾಣಿ ಬಿಡಿಸಿ, ಹೆಪ್ಪುಗಟ್ಟಿಸಿ, ಚೀಲ ತುಂಬುವ ಗಿರಣಿ ಶುರುವಾಗಿದೆ, ಬೇಕಾದರೆ ಹೇಳಿ ಎಂದು. ಕಲಬುರಗಿಯಲ್ಲಿ ಬಟಾಣಿ ಚಳಿಗಾಲದ ಮಾಲು. ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ. ಆ ಉರಿಬಿಸಿಲಿನಲ್ಲಿ ಹಸಿರು ಬಟಾಣಿ ಬೇಕೆಂದರೆ ಅಡಿಗೆಯವರು ಕೈ ತಿರುವಿ ತೋರಿಸುತ್ತಿದ್ದರು.

"ಪರದೇಶದ ಮಾಲು ಅಂದ್ರ ಸುಂಕ ಬೀಳ್ತದಲ್ರೀ ಬಂಡೂರಾವ್ರೇ," ಅಂದರು ಜಗದೇವಪ್ಪ. "ನಮಗ ಪೂರೈಸಂಗಿಲ್ಲ ಬಿಡ್ರಿ."

"ಎರಡು ದಿನ ಟೈಮ್ ಕೊಡ್ರಿ ಸಾವ್ಕಾರ್ರೇ, ಓದಿ ಹೇಳ್ತೇನಿ," ಅಂದರು ಬಂಡೂರಾವ.

ಜಗತ್ ಸರ್ಕಲ್ಲಿನ ಹತ್ತಿರ ಕಾಯಿದೆ ಪುಸ್ತಕ ಮಾರುವ ಅಂಗಡಿಯಿಂದ ಭಾರತ-ನೇಪಾಳ ವ್ಯಾಪಾರ ಒಪ್ಪಂದದ ತೆಳ್ಳನೆಯ ಪುಸ್ತಕ ತರಿಸಿದರು. ಎರಡು ದಿನ ಅಂದದ್ದು ನಾಲ್ಕಾಯಿತು. ಐದನೆಯ ದಿನ ಬಂದು, ಕನ್ನಡಕ ಒರೆಸುತ್ತ ನಿಂತರು. ನೇಪಾಳದ ಮಣ್ಣಿನಲ್ಲೇ ಬೆಳೆದ ಮಾಲು ನಮ್ಮ ದೇಶಕ್ಕೆ ಬಂದರೆ ಸುಂಕ ಮಾಫಿ. ಆದರೆ ಅಲ್ಲೇ ಬೆಳೆದದ್ದು, ಬೇರೆ ದೇಶದಿಂದ ತಂದು ಅಲ್ಲಿ ಚೀಲ ಬದಲಿಸಿದ್ದಲ್ಲ ಎಂದು ಅಲ್ಲಿಯವರು ಮುದ್ರೆ ಒತ್ತಿದ ಮೂಲಪತ್ರ ಇರಬೇಕು. ಮಾಲು ಬಿಡಿಸಿಕೊಳ್ಳುವಾಗ ಸಸ್ಯ ತಪಾಸಣೆಯವರೂ ನೋಡುತ್ತಾರೆ.

"ಯಾರನ್ನ ಕಳಸೋದು?" ಅಂದರು ಜಗದೇವಪ್ಪ.

ಬಂಡೂರಾವ ಸೊಲ್ಲಾಪುರದಿಂದಾಚೆಗೆ ಉತ್ತರದ ಮುಖ ಕಂಡವರಲ್ಲ. ಆದರೂ ಓದಿದ ಕಾಗದ ಖರೆ ಹೌದೋ ಅಲ್ಲೋ ಎಂದು ಕಣ್ಣಿಂದ ನೋಡುವ ಆಸೆ ಐವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಹುಟ್ಟಿಬಿಟ್ಟಿತ್ತು. "ನಾ ಹೋಗ್ತೇನ್ರಿ," ಅಂದರು.

ಐಸ್‌ಕ್ರೀಮಿನವರ ಮಾಲು ಹೊರುತ್ತಿದ್ದ ಥಂಡಿ ಗಾಡಿಯ ಡ್ರೈವರ್ ಫಕ್ರುದ್ದೀನ್ ಈಗ ಸ್ವಂತಕ್ಕೆ ಅದನ್ನೇ ಓಡಿಸುತ್ತಿದ್ದ. ಮಾರ್ಚ್ ಮೊದಲ ವಾರ ಇಬ್ಬರೂ ಹುಣಸೆಹಣ್ಣು ತುಂಬಿಕೊಂಡು ಹೊರಟರು. ಬಂಡೂರಾವರ ಚೀಲದಲ್ಲಿ ಹಚ್ಚಿದ ಅವಲಕ್ಕಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಸಣ್ಣ ಸ್ಟೋವು. ಎದೆಗವಚಿ ಹಿಡಿದದ್ದು ಕಾಗದದ ಫೈಲು. ಪಟನಾದಲ್ಲಿ ಹುಣಸೆಹಣ್ಣು ಇಳಿಸಿ, ಗಂಗೆಯ ಸೇತುವೆ ದಾಟುವಾಗ ಬಂಡೂರಾವ ಗಾಡಿ ನಿಲ್ಲಿಸಲು ಹೇಳಿ, ಇಳಿದು ಕೈಮುಗಿದರು. ಫಕ್ರುದ್ದೀನ್ ಅಷ್ಟರಲ್ಲಿ ಟೈರು ತಟ್ಟಿ ನೋಡಿದ. ಹೊರಟ ಆರನೆಯ ದಿನ ರಕ್ಸೌಲಿನ ಗಡಿ.

ಗಿರಣಿಯವರ ಗಾಡಿ ಬೀರಗಂಜಿನಿಂದ ಬಂದು ನಿಂತಿತ್ತು. ಬಟಾಣಿಯ ರಟ್ಟಿನ ಪೆಟ್ಟಿಗೆಗಳು ಫಕ್ರುದ್ದೀನನ ಗಾಡಿಗೆ ಏರಿದವು. ಕಸ್ಟಮ್ಸಿನ ಸಾಹೇಬರು ಮೂಲಪತ್ರವನ್ನು ತಿರುಗಿಸಿ ನೋಡಿದರು, ಮುದ್ರೆಯನ್ನು ತಮ್ಮ ಬಳಿಯ ಮಾದರಿಯ ಪಕ್ಕ ಹಿಡಿದು ತಾಳೆ ನೋಡಿದರು, ನಾಲ್ಕು ಪೆಟ್ಟಿಗೆ ಬಿಚ್ಚಿಸಿ ಒಳಗಿನ ಚೀಲದ ಅಚ್ಚು ಓದಿದರು, ಸಹಿ ಹಾಕಿದರು. ಅರ್ಧ ತಾಸಿನಲ್ಲಿ ಸುಂಕ ಮಾಫಿ. ಎರಡು ತಿಂಗಳು ಓದಿಕೊಂಡು ಬಂದ ಉತ್ತರಗಳೆಲ್ಲ ಬಂಡೂರಾವರ ಬಾಯಲ್ಲೇ ಉಳಿದವು.

ಆಮೇಲೆ ಸಸ್ಯ ತಪಾಸಣೆಯ ಕೋಣೆ. ಅಲ್ಲಿದ್ದ ಅಧಿಕಾರಿ ತಲೆ ನರೆತ, ಮೆಲುದನಿಯ ಮನುಷ್ಯ. ಒಂದು ಹಿಡಿ ಬಟಾಣಿಯನ್ನು ಬಿಳಿ ತಟ್ಟೆಗೆ ಸುರಿದುಕೊಂಡು ಹಿಂದಿಯಲ್ಲಿ ಕೇಳಿದರು: "ಇದು ಬೇಯಿಸಿದ್ದೋ, ಹಸಿಯದೋ?"

ಬಂಡೂರಾವ ಫೈಲು ತಿರುವಿದರು. ಹೆಪ್ಪುಗಟ್ಟಿಸಿದ ಹಸಿರು ಬಟಾಣಿ ಎಂದಿತ್ತು. ಬೇಯಿಸಿದ್ದು ಎಂದಿಲ್ಲ, ಹಸಿ ಎಂದೂ ಇಲ್ಲ. ಅವರ ಕಿವಿ ಬಿಸಿಯಾಯಿತು. ಇಷ್ಟು ಓದಿದವರು ಇದೊಂದನ್ನು ಕೇಳಿರಲಿಲ್ಲ.

ಅಧಿಕಾರಿ ಸಮಾಧಾನದಿಂದಲೇ ತಿಳಿಸಿ ಹೇಳಿದರು. ಬಟಾಣಿ ಎಂದರೆ ತರಕಾರಿಯೂ ಹೌದು, ಬೀಜವೂ ಹೌದು. ಕುದಿನೀರು ಕಂಡಿದ್ದರೆ ಅದು ಬರೇ ಆಹಾರ, ಹೊಲಕ್ಕೆ ಅದರಿಂದ ಭಯವಿಲ್ಲ. ಹಸಿಯದಾದರೆ ಮೊಳೆಯಬಹುದು, ಅದರೊಳಗಿನ ರೋಗವೂ ಬದುಕಿರಬಹುದು. ಆಗ ದಿಲ್ಲಿಯಿಂದ ಬೇರೆ ಪರವಾನಗಿ ಬೇಕು.

"ಇಷ್ಟು ಥಂಡಿಯೊಳಗ ಯಾವ ಬೀಜ ಉಳೀತದ ಸಾಹೇಬ್ರೇ?" ಅಂದರು ಬಂಡೂರಾವ, ತಮ್ಮ ದಖ್ಖನಿ ಹಿಂದಿಯಲ್ಲಿ.

ಆ ಹಿಂದಿ ಕೇಳಿ ಅಧಿಕಾರಿಯ ತುಟಿಯಲ್ಲಿ ನಗೆ ಸುಳಿಯಿತು. "ಕೆಲವು ಸಾಯುತ್ತವೆ. ಕೆಲವು ಮಲಗಿರುತ್ತವೆ. ಅದನ್ನು ನಾನೂ ನೀವೂ ಊಹಿಸಿ ಹೇಳಲಾಗದು."

ಆ ದಿನವೇ ಬಂಡೂರಾವ ಟಾಂಗಾ ಹಿಡಿದು ಬೀರಗಂಜಿಗೆ ಹೋದರು. ಗಿರಣಿಯ ಮ್ಯಾನೇಜರು ಅವರನ್ನು ಒಳಗೆ ಕರೆದೊಯ್ದು ತೋರಿಸಿದ. ದೊಡ್ಡ ಕಡಾಯಿಯಲ್ಲಿ ನೀರು ಕುದಿಯುತ್ತಿತ್ತು. ಜಾಲರಿ ಬುಟ್ಟಿಯಲ್ಲಿ ಬಟಾಣಿ ಅದರೊಳಗೆ ಎರಡು ನಿಮಿಷ ಇಳಿದು, ಮೇಲೆದ್ದು, ತಣ್ಣೀರಿಗೆ ಬೀಳುತ್ತಿತ್ತು. ಬಣ್ಣ ಮಾತ್ರ ಹೊಲದಲ್ಲಿದ್ದಾಗಿನದಕ್ಕಿಂತ ಹಸಿರು. ಮ್ಯಾನೇಜರು ಅಷ್ಟನ್ನೂ ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿ ಕೊಟ್ಟ.

ಅಧಿಕಾರಿ ಆ ಕಾಗದ ಓದಿ ಫೈಲಿಗೆ ಸೇರಿಸಿದರು. "ಇದು ಒಳ್ಳೆಯದಾಯಿತು. ಆದರೂ ಮೊದಲನೆಯ ಸಲ ಬಂದ ಮಾಲು, ನಾನು ಮೊಳಕೆಗೆ ಹಾಕಿ ನೋಡುತ್ತೇನೆ. ನಾಲ್ಕು ದಿನ."

ಎರಡು ತಟ್ಟೆಗಳಲ್ಲಿ ಒದ್ದೆ ಹತ್ತಿ ಹಾಸಿದರು. ಒಂದರಲ್ಲಿ ಗಾಡಿಯ ಬಟಾಣಿ. ಇನ್ನೊಂದರಲ್ಲಿ, ಹೋಲಿಸಿ ನೋಡಲು, ರಕ್ಸೌಲ್ ಬಜಾರಿನ ಒಣ ಬಟಾಣಿ. ಎರಡಕ್ಕೂ ಚೀಟಿ ಅಂಟಿಸಿ ಕಿಟಕಿಯ ಪಕ್ಕ ಇಟ್ಟರು.

ಆ ನಾಲ್ಕು ದಿನ ಗಾಡಿ ಅಂಗಳದ ಬೇವಿನ ಕೆಳಗೆ ನಿಂತಿತ್ತು, ಥಂಡಿಯ ಯಂತ್ರ ಗುಂಯ್‌ಗುಡುತ್ತ. ಅದು ನಿಂತರೆ ಬಟಾಣಿ ನೀರಾಗುತ್ತದೆ. ಫಕ್ರುದ್ದೀನ್ ಹೊತ್ತುಹೊತ್ತಿಗೆ ಡೀಸೆಲ್ ಸುರಿದ. ಬಂಡೂರಾವ ತಾಸಿಗೊಮ್ಮೆ ಥಂಡಿ ಅಳೆಯುವ ಮುಳ್ಳು ನೋಡಿ ಚೀಟಿಯಲ್ಲಿ ಬರೆದಿಟ್ಟರು. ಉಳಿದ ಹೊತ್ತು ಬೇವಿನ ನೆರಳಲ್ಲಿ ಸ್ಟೋವು ಹಚ್ಚಿ ಅನ್ನ ಮಾಡುವುದು, ಫಕ್ರುದ್ದೀನನಿಗೆ ಶೇಂಗಾ ಹಿಂಡಿ ಬಡಿಸುವುದು, ಅವನು ತರುವ ಚಹಾ ಕುಡಿಯುವುದು.

"ರಾವ್‌ಸಾಬ್, ನಮ್ಮ ಕಡಿ ಮಂದಿ ಬೀಜ ಮೊಳೀಲಿ ಅಂತ ಮುಗಿಲು ನೋಡ್ತಾರ," ಅಂದ ಫಕ್ರುದ್ದೀನ್. "ನಾವಿಬ್ರೂ ಇಲ್ಲಿ ಮೊಳೀಬಾರ್ದು ಅಂತ ಕುಂತೀವಿ."

"ನಾನೂ ಅದನ್ನ ಯೋಚನಿ ಮಾಡಾಕತ್ತೀನಿ. ಯಾವ ದೇವರಿಗೆ ಬೇಡ್ಕೋಬೇಕೋ ತಿಳೀವಲ್ದು."

"ಯಾವ ದೇವರಾದ್ರೂ ನಗ್ತಾನ ಬಿಡ್ರಿ."

ಮೂರನೆಯ ದಿನ ಬೆಳಿಗ್ಗೆ ಬಂಡೂರಾವ ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಆಫೀಸು ತೆರೆಯುವ ಮೊದಲೇ ಕಿಟಕಿಯಿಂದ ಇಣುಕಿದರು. ಹತ್ತಿಯ ಮೇಲೆ ಬಿಳಿ ಮೊಳಕೆಗಳು ಬಾಲ ಎತ್ತಿ ನಿಂತಿದ್ದವು. ಒಂದೆರಡಲ್ಲ, ತಟ್ಟೆ ತುಂಬ.

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಜಗದೇವಪ್ಪನವರ ಮುಖ ಕಣ್ಣಿಗೆ ಬಂತು. ಮ್ಯಾನೇಜರು ಸುಳ್ಳು ಬರೆದುಕೊಟ್ಟನೇ? ಕಡಾಯಿ ತಾವೇ ಕಣ್ಣಾರೆ ನೋಡಿದ್ದು. ಹಲ್ಲುಜ್ಜುತ್ತ ಬಂದ ಫಕ್ರುದ್ದೀನ್ ಅವರನ್ನು ನೋಡಿ, ಕಿಟಕಿಯ ಒಳಗೆ ನೋಡಿ, ಮತ್ತೆ ಅವರನ್ನು ನೋಡಿದ.

"ರಾವ್‌ಸಾಬ್, ಚೀಟಿ ಓದಿದ್ರೇನು?"

"ಏನು ಚೀಟಿ?"

"ತಟ್ಟಿಗಿ ಹಚ್ಚಿದ ಚೀಟಿ. ನನಗ ಓದಾಕ ಬರಂಗಿಲ್ಲ. ಆದ್ರ ಮೊಳಕಿ ಬಂದಿದ್ದು ಹಳದಿ ಕಾಳು. ನಮ್ದು ಹಸಿರು. ಆ ಕಡಿ ಅದ ನೋಡ್ರಿ."

ಬಂಡೂರಾವ ಎದ್ದು ಕನ್ನಡಕ ಸರಿಮಾಡಿ ನೋಡಿದರು. ಎದುರಿಗಿದ್ದದ್ದು ಬಜಾರಿನ ತಟ್ಟೆ. ಅದರ ಹಿಂದೆ, ಗೋಡೆಗೆ ಒತ್ತಿಟ್ಟ ತಟ್ಟೆಯಲ್ಲಿ, ಅವರ ಬಟಾಣಿ ಸುಕ್ಕುಗಟ್ಟಿ, ಮೆತ್ತಗಾಗಿ, ಯಾವ ಆಸೆಯೂ ಇಲ್ಲದೆ ಮಲಗಿತ್ತು. ಇಪ್ಪತ್ತೆಂಟು ವರ್ಷ ಎಲ್ಲವನ್ನೂ ಓದಿದವರು ಆ ಒಂದು ಚೀಟಿ ಓದದೆ ಕುಸಿದಿದ್ದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಾಲ್ಕನೆಯ ದಿನ ಅಧಿಕಾರಿ ತಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿ, ಬೆರಳಲ್ಲಿ ಒಂದೊಂದೇ ಕಾಳು ಹಿಚುಕಿ, ಬಿಡುಗಡೆಯ ಪತ್ರ ಬರೆದರು. "ಮುಂದಿನ ಸಲ ಗಿರಣಿಯ ಈ ಕಾಗದ ಮೊದಲೇ ತನ್ನಿ. ಇಷ್ಟು ಕಾಯಬೇಕಾಗುವುದಿಲ್ಲ," ಅಂದರು. ಬಂಡೂರಾವರಿಗೆ ಆ ಮನುಷ್ಯನ ಮೇಲೆ ಸಿಟ್ಟು ಬಂದಿರಲೇ ಇಲ್ಲ. ತಮ್ಮಂತೆಯೇ ಕೆಲಸ ಪೂರಾ ಮಾಡುವವನೊಬ್ಬ ಇಷ್ಟು ದೂರದಲ್ಲಿ ಇದ್ದಾನೆ ಎಂಬುದೇ ಒಂದು ಖುಷಿಯಾಗಿತ್ತು.

ಐದು ದಿನಕ್ಕೆ ಗಾಡಿ ಕಮಲಾಪುರ ರಸ್ತೆಗೆ ಬಂತು. ಜಗದೇವಪ್ಪನವರು ಶಾಲು ಹೊದ್ದು ಥಂಡಿ ಕೋಣೆಯೊಳಗೇ ನಿಂತು ಪೆಟ್ಟಿಗೆ ಇಡಿಸಿದರು. ಒಂದು ಚೀಲ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಾಜಿನ ಗೋಲಿಯಂತೆ ಸದ್ದು. "ಮನಿಗೊಂದು ಒಯ್ರಿ ಬಂಡೂರಾವ್ರೇ. ಆಯಿಯವರಿಗೆ ತೋರಸ್ರಿ," ಅಂದರು.

ಜೇವರ್ಗಿ ಕಾಲೋನಿಯ ಮನೆಯಲ್ಲಿ ಬಂಡೂರಾವರ ತಾಯಿ ಜಾನಕೀಬಾಯಿ ಎಪ್ಪತ್ತೆಂಟರ ಹೆಂಗಸು. ಇನ್ನೂ ಮಡಿಯಲ್ಲೇ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುವವರು. ಮಗ ಚಾಪೆಯ ಮೇಲೆ ಕೂತು ಗಂಗೆಯಿಂದ ಹಿಡಿದು ತಟ್ಟೆಯವರೆಗೆ ಎಲ್ಲವನ್ನೂ ಹೇಳಿದರು. "ಎರಡು ನಿಮಿಷ ಕುದಿನೀರಿನೊಳಗ ಬೆಂದದ್ದು ಅಂತ ಸರಕಾರವೇ ಒಪ್ಪಿ ಬರೆದುಕೊಟ್ಟದ ಆಯಿ," ಎಂದು ಪತ್ರ ಬಿಚ್ಚಿ ತೋರಿಸಿದರು.

ಜಾನಕೀಬಾಯಿ ಪತ್ರದ ಕಡೆ ನೋಡಲಿಲ್ಲ. "ಯಾರು ಬೇಯಿಸ್ಯಾರ?"

"ಗಿರಣಿಯೊಳಗ, ಆಳುಗಳು."

"ಹಂಗಾದ್ರ ಅದು ಮಂದಿ ಮಾಡಿದ ಅಡಿಗಿ ಆತು. ಮುಸುರಿ. ನನ್ನ ಒಲಿ ಹತ್ರ ತರಬ್ಯಾಡ."

ಬಂಡೂರಾವ ಬೆಪ್ಪಾದರು. ಅಲ್ಲಿ ಬೆಂದದ್ದೇ ಪುಣ್ಯವಾಗಿತ್ತು, ಇಲ್ಲಿ ಬೆಂದದ್ದೇ ತಪ್ಪಾಯಿತು. ಒಳಗೆ ಹೆಂಡತಿ ಚಂದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿರುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಜಾನಕೀಬಾಯಿ ತಾವೇ ಕೇಳಿದರು. "ಉಪ್ಪು ಹಾಕ್ಯಾರೇನು?"

"ಇಲ್ಲ ಆಯಿ. ನಾನೇ ನಿಂತು ನೋಡೇನಿ. ಬರೇ ನೀರು."

ಮುದುಕಿ ಚೀಲ ಎತ್ತಿ ಬೆಳಕಿಗೆ ಹಿಡಿದು, ಕಾಳುಗಳನ್ನು ಹೊರಗಿನಿಂದಲೇ ಒತ್ತಿ ನೋಡಿದರು. ರಕ್ಸೌಲಿನ ಅಧಿಕಾರಿಗಿಂತ ಹೆಚ್ಚು ಹೊತ್ತು ನೋಡಿದರು. "ಉಪ್ಪು ಬೀಳೋತನಕ ಪೂರಾ ಅಡಿಗಿ ಅಲ್ಲ. ಮನಿಯೊಳಗ ಬರಲಿ. ಚಂದ್ರಾ ಗ್ಯಾಸಿನ ಮ್ಯಾಲೆ ನಿಮಗ ಮಾಡಿ ಹಾಕಲಿ. ನನ್ನ ಎಲಿಗೆ ಬ್ಯಾಡ."

ಅಷ್ಟಾದರೂ ಸಿಕ್ಕಿತಲ್ಲ ಎಂದು ಬಂಡೂರಾವ ಪತ್ರ ಮಡಚಿ ಎದ್ದರು. ಆ ಸಂಜೆ ಜಾನಕೀಬಾಯಿ ಪಕ್ಕದ ಮನೆಯ ಪುತಳಾಬಾಯಿಗೆ ಮಗನ ಪ್ರಯಾಣ ಹೇಳುವುದು ಅವರ ಕಿವಿಗೆ ಬಿತ್ತು. ಆ ಕಥೆಯಲ್ಲಿ ದಿಲ್ಲಿಯ ಅಧಿಕಾರಿಗಳೇ ಬಂದು ನಾಲ್ಕು ದಿನ ಮಗನನ್ನು ಪ್ರಶ್ನೆ ಕೇಳಿದ್ದರು, ಮಗ ಒಂದಕ್ಕೂ ತಪ್ಪಿರಲಿಲ್ಲ.

ಮೇ ತಿಂಗಳಲ್ಲಿ ಕಮಲಾಪುರದ ಜಗದೇವಪ್ಪನವರ ಮನೆಯಲ್ಲೇ ಅವರ ತಂಗಿಯ ಮಗಳ ಮದುವೆ. ಬಿಸಿಲು ನೆಲ ಸುಡುತ್ತಿತ್ತು. ಜಗದೇವಪ್ಪನವರ ಹೆಂಡತಿ ಶಾರದಾಬಾಯಿ ನಿಂತು ಮಾಡಿಸಿದ ಅಡಿಗೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಅದರ ಜೊತೆಗೆ ದೊಡ್ಡ ಹಂಡೆ ತುಂಬ ಹಸಿರು ಬಟಾಣಿ ಪಲ್ಯ. ಬಂಡೂರಾವ ಮತ್ತು ಫಕ್ರುದ್ದೀನ್ ಒಂದೇ ಪಂಕ್ತಿಯಲ್ಲಿ ಕೂತರು. ಎದುರಿಗೆ ಕೂತ ಮುದುಕನೊಬ್ಬ ಪಲ್ಯ ಬಾಯಿಗಿಟ್ಟು, ನಿಲ್ಲಿಸಿ, ಪಕ್ಕದವನಿಗೆ ಹೇಳಿದ: "ಈ ಬ್ಯಾಸಿಗ್ಯಾಗ ಇಷ್ಟು ಎಳೀ ಬಟಾಣಿ ಯಾರ ತ್ವಾಟದ್ದೋ ಏನೋ. ಬಾವಿ ನೀರು ಭಾಳ ಇರಬೇಕು ಅವರದು."

ಫಕ್ರುದ್ದೀನ್ ಬಂಡೂರಾವರ ಕಡೆ ನೋಡಿದ. ಹೇಳಿರಿ ಎನ್ನುವಂತೆ ಹುಬ್ಬು ಎತ್ತಿದ. ಬಂಡೂರಾವ ತಲೆ ಅಲ್ಲಾಡಿಸಿದರು. ಹೇಳಹೊರಟರೆ ಒಪ್ಪಂದದ ಒಂದನೆಯ ಪುಟದಿಂದ ಹೇಳಬೇಕು, ಅಷ್ಟರಲ್ಲಿ ರೊಟ್ಟಿ ಆರಿಹೋಗುತ್ತದೆ.

ಕೋಲ್ಡ್ ಸ್ಟೋರೇಜಿನ ಆ ನಾಲ್ಕನೆಯ ಕೋಣೆ ಮುಂದೆ ಆರು ವರ್ಷ ಖಾಲಿ ಬೀಳಲಿಲ್ಲ. ಬಂಡೂರಾವ ವರ್ಷಕ್ಕೊಮ್ಮೆ ರಕ್ಸೌಲಿಗೆ ಹೋಗಿಬಂದರು. ಆ ದಿನ ಮಾತ್ರ ಅದೆಲ್ಲ ಗೊತ್ತಿರಲಿಲ್ಲ. ಪಲ್ಯದ ಬಕೀಟು ಹಿಡಿದು ಶಾರದಾಬಾಯಿ ಪಂಕ್ತಿಗೆ ಬಂದಾಗ, ಬಂಡೂರಾವ ಸಾಕು ಅನ್ನದೆ ಎಲೆಯ ಮೇಲೆ ಜಾಗ ಮಾಡಿದರು.